ಬಿಳಿ ಮಗ್ಗುಲು

“ನೋಡೇ, ನೋಡೇ! ಮತ್ತೆ ಹತ್ಕೊಳ್ತು!”

ವೆರಾ ಟೊನೊಲಿ ನನ್ನ ತೋಳು ಹಿಡಿದುಕೊಂಡ ರಭಸಕ್ಕೆ ಉಗುರು ಒಳಗಿಳಿಯಿತು. ಪಾಪನಿವೇದನೆಯ ಗೂಡಿನ ನೆತ್ತಿಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಪಾಪ ಹೇಳಿಕೊಳ್ಳಲು ಬಂದವರು ಒಳಗೆ ಮಂಡಿಯೂರಿದರೆ, ಆ ಭಾರಕ್ಕೆ ಹತ್ತುವ ದೀಪ ಅದು. ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ. ಸಂತ ಬ್ರೆಂಡನ್ನರ ಚರ್ಚಿನಲ್ಲಿ ನಾವಿಬ್ಬರು, ಮತ್ತು ಮೂರನೆಯ ಸಾಲಿನ ಬೆಂಚಿನಲ್ಲಿ ಕ್ಲೆಮ್ ಹ್ಯಾನಿಗನ್. ಗೂಡಿನ ಹತ್ತಿರ ಯಾರೂ ಸುಳಿದಿರಲಿಲ್ಲ.

“ನಿನ್ನೆಯೂ ಹೀಗೇ ಉರೀತಿತ್ತು. ಅದಕ್ಕೇ ನಾನು ಬಾಗಿಲು ತೆಗೆದು ನೋಡಿದ್ದು. ಫಾದರ್ ಇನ್ನೂ ಒಳಗೇ ಕೂತಿದಾರೆ ಕಣೇ ಕಾರ್ಮೆನ್. ಇಡೀ ಕರಿಂಡಾ ಊರೇ ಹೇಳ್ತಿದೆ.”

“ಇಡೀ ಕರಿಂಡಾಕ್ಕೆ ಹೋದ ವರ್ಷ ಸಕ್ಕರೆ ಮಿಲ್ಲಿನ ಚಿಮಣಿ ಮೇಲೆ ಮರಿಯಮ್ಮ ಕಂಡಿದ್ಲು, ವೆರಾ ಆಂಟಿ.”

ಬಾಯಲ್ಲಿ ಹಾಗೆ ಅಂದೆನೇ ಹೊರತು ಕಾಲು ಮುಂದೆ ಹೋಗಲಿಲ್ಲ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡ ಸಾರ್ಜೆಂಟು ನಾನು, ನಲವತ್ತೊಂದು ವರ್ಷದವಳು, ಹಾಡಹಗಲಲ್ಲಿ ಒಂದು ಬಲ್ಬಿಗೆ ಹೆದರಿ ನಿಂತಿದ್ದೆ.

ನಿನ್ನೆ ಬೆಳಿಗ್ಗೆ ಇದೇ ಗೂಡಿನ ನಡುಖಾನೆಯಲ್ಲಿ, ಪಾದ್ರಿಯ ಕುರ್ಚಿಯಲ್ಲಿ, ಪಾಪ ಕೇಳುವಾಗ ಧರಿಸುವ ಹೆಗಲಪಟ್ಟಿ ಹಾಕಿಕೊಂಡು ಕೂತ ಸ್ಥಿತಿಯಲ್ಲಿ ಫಾದರ್ ಮ್ಯಾಲ್ ಟಿಯರ್ನನ್ ಅವರ ಹೆಣ ಸಿಕ್ಕಿತ್ತು. ಹಿಂದಲೆಯಲ್ಲಿ ಏಟು. ಗೂಡಿನಲ್ಲಿ ಮಾತ್ರ ಒಂದು ಹನಿ ರಕ್ತ ಇಲ್ಲ.

ಮೂವತ್ತು ವರ್ಷ ಈ ಊರಿನ ಪಾದ್ರಿಯಾಗಿದ್ದರು ಅವರು. ನನ್ನ ಮದುವೆ ಮಾಡಿಸಿದವರು. ಆ ಮದುವೆ ಮುರಿದಾಗ ನನ್ನನ್ನು ಪ್ರಸಾದದ ಸಾಲಿನಿಂದ ಆಚೆ ನಿಲ್ಲಿಸದೆ, “ಏನಮ್ಮ, ತಡ ಮಾಡಿದೆ?” ಎಂದು ನಾಲಿಗೆ ಮೇಲೆ ಪ್ರಸಾದ ಇಟ್ಟವರು. ನನ್ನ ಅಪ್ಪನನ್ನು ಮಣ್ಣು ಮಾಡಿದವರು. ಅವರ ಪೈಪಿನ ಹೊಗೆಸೊಪ್ಪಿನ ವಾಸನೆ ಎರಡು ದಿನದಿಂದ ನನ್ನ ಬೆನ್ನು ಬಿಟ್ಟಿರಲಿಲ್ಲ. ಠಾಣೆಯಲ್ಲಿ ಇರಲಿಲ್ಲ, ಕಾರಿನಲ್ಲಿ ಇರಲಿಲ್ಲ, ಮನೆಗೆ ಹೋಗಿ ದಿಂಬಿಗೆ ತಲೆ ಕೊಟ್ಟರೆ ಬರುತ್ತಿತ್ತು. ಹೆಣ ಮುಟ್ಟಿದ ಕೈ, ಎಷ್ಟು ತೊಳೆದರೂ ಹೋಗಿಲ್ಲ ಅಂದುಕೊಂಡಿದ್ದೆ.

ಪಕ್ಕದ ಖಾನೆಯ ಬಾಗಿಲನ್ನು ಎಳೆದೆ. ಖಾಲಿ. ಮಂಡಿಯೂರುವ ಹಲಗೆಯನ್ನು ಬೂಟಿನಿಂದ ಒತ್ತಿ ಬಿಟ್ಟೆ. ಕೆಳಗಿನ ಸ್ಪ್ರಿಂಗು ಸೊರಗಿಹೋಗಿತ್ತು. ಹೊರಗೆ ಹಾಲಿನ ಲಾರಿಯೋ ಏನೋ ಹಾದುಹೋಯಿತು, ನೆಲ ನಡುಗಿತು, ದೀಪ ಆರಿತು, ಮತ್ತೆ ಹತ್ತಿತು.

“ಸ್ಪ್ರಿಂಗ್ ಕೆಟ್ಟಿದೆ, ಅಷ್ಟೇ. ನಿನ್ನೆ ಇದರ ಮೇಲೆ ನಿಮ್ಮ ಕಸ ಹೀರೋ ಮೆಷಿನ್ ಕೂತಿತ್ತಲ್ಲ, ಅದರ ಭಾರಕ್ಕೆ.”

“ಯಾವ ಮೆಷಿನ್? ನಾನು ಅದನ್ನ ಇಲ್ಲಿ ಇಡಲ್ಲಮ್ಮ.”

“ಮತ್ತೆಲ್ಲಿ ಇಡ್ತೀರ?”

“ಫಾದರ್ ಕುರ್ಚಿ ಮೇಲೆ. ಹದಿನೈದು ವರ್ಷದಿಂದ ಅಲ್ಲೇ. ಅವರು ಈ ಗೂಡಿಗೆ ಕಾಲಿಡೋದೇ ಬಿಟ್ಟಿದ್ರಲ್ಲ, ಜಾಗ ಯಾಕೆ ಸುಮ್ನೆ ಹಾಳಾಗ್ಬೇಕು ಅಂತ.” ವೆರಾ ತಟ್ಟನೆ ಬಾಯಿ ಮುಚ್ಚಿಕೊಂಡಳು. ಚರ್ಚಿನ ಕಸ ಗುಡಿಸಿ, ಫಾದರ್‌ಗೆ ಅಡಿಗೆ ಮಾಡಿ ಹಾಕಿ ಮುದುಕಿಯಾದವಳು ಅವಳು. ಅವಳಿಗೂ ಅರ್ಥವಾಗಿತ್ತು.

ಹಳೆಯ ಕಾಲದ ಮೆಷಿನ್ನು ಅದು, ಕಬ್ಬಿಣದ ಹೊಟ್ಟೆ. ಫಾದರ್ ಮ್ಯಾಲ್‌ಗೆ ಎಪ್ಪತ್ಮೂರು, ಬಲಭುಜ ಎತ್ತಲು ಬರುತ್ತಿರಲಿಲ್ಲ. ಪೂಜೆಯಲ್ಲಿ ಪಾತ್ರೆಯನ್ನು ಎಡಗೈಯಿಂದ ಎತ್ತುತ್ತಿದ್ದರು. ಕುರ್ಚಿ ಮೇಲಿನ ಮೆಷಿನ್ ಇಳಿಸಿ, ಪಕ್ಕದ ಖಾನೆಗೆ ತಳ್ಳಿ, ಆ ಜಾಗದಲ್ಲಿ ಅವರನ್ನು ಕೂರಿಸಿದವರು ಬೇರೆ ಯಾರೋ. ತೋಳಲ್ಲಿ ಕಸುವಿದ್ದವರು.

“ಮೊದ್ಲು ಆ ಬೂಟ್ ಒರೆಸ್ಕೋ,” ವೆರಾ ನಡುಗುತ್ತಲೇ ಗದರಿದಳು. “ನೆಲ ಎಲ್ಲ ಹಸಿರು ಮಾಡ್ತಿದೀಯ.”

“ಸಲ್ವು ನಮ್ಮ ಮನೆ ಮೆಟ್ಟಿಲಿಗೆ ಬಣ್ಣ ಬಳಿದಿದಾನೆ. ಈಸ್ಟರ್‌ಗಂತೆ.”

“ಮಳೆ ಮುಗಿಯೋ ಮುಂಚೆ ಯಾರಮ್ಮ ಬಣ್ಣ ಬಳೀತಾರೆ? ಒಣಗುತ್ತಾ ಅದು? ಚರ್ಚಿನ ಹುಲ್ಲು ಕತ್ತರಿಸು ಅಂದ್ರೆ ಮೂರು ವಾರ ಮಾಡ್ತಾನೆ, ಇದಕ್ಕೆ ಮಾತ್ರ ಹುಮ್ಮಸ್ಸು ನಿನ್ನ ತಮ್ಮಂಗೆ.”

ಮೂರನೆಯ ಸಾಲಿನಲ್ಲಿ ಪೆನ್ಸಿಲ್ ಗೀಚುವ ಸದ್ದು.

“ಬರ್ಕೊಳ್ಳಿ, ಕ್ಲೆಮ್,” ಅಂದೆ. “ದೀಪ ತಾನಾಗೇ ಹತ್ತಿತು, ಸಾರ್ಜೆಂಟ್ ಬೂಟಲ್ಲಿ ಬಣ್ಣ ಇತ್ತು. ರೋಮ್‌ನವರಿಗೆ ಬಹಳ ಉಪಯೋಗ ಆಗುತ್ತೆ.”

ಕ್ಲೆಮ್ ಹ್ಯಾನಿಗನ್ ಮುಖ ಕೆಂಪೇರಿತು. ಔಷಧದ ಅಂಗಡಿ ಇಟ್ಟಿದ್ದು ಬಿಟ್ಟವನು, ಎಂಟು ವರ್ಷದಿಂದ ಅದೇ ಬೆಂಚಿನಲ್ಲಿ ಕೂತು ಫಾದರ್ ಮ್ಯಾಲ್ ಆಡಿದ ಒಂದೊಂದು ಮಾತನ್ನೂ ಬರೆದುಕೊಂಡು ರೋಮ್‌ಗೆ, ಪೋಪರ ಕಚೇರಿಗೆ, ಕಳಿಸುತ್ತಿದ್ದ. ಎಲ್ಲಿ ಪ್ರಾರ್ಥನೆಯ ಮಾತು ಬದಲಾಯಿತು, ಎಲ್ಲಿ ಬಿಷಪ್ಪರ ಹೆಸರು ನುಂಗಿದರು, ಎಲ್ಲ. ಇಂಥವರು ಈ ದೇಶದ ಪ್ರತಿ ಊರಿನ ಚರ್ಚಿನಲ್ಲೂ ಒಬ್ಬೊಬ್ಬರಿದ್ದರು ಆಗ. ಊರು ಅವನನ್ನು ಹೆಸರಿಂದ ಕರೆಯುವುದನ್ನೇ ಬಿಟ್ಟು ‘ಮೂರನೇ ಸಾಲು’ ಅನ್ನುತ್ತಿತ್ತು.

“ನಾನು ಕೇಳಿದ್ದನ್ನಷ್ಟೇ ಬರೆದೆ. ಕೊಂದೋನು ನಾನಲ್ಲ. ಸೋಮವಾರ ಎರಡರಿಂದ ಆರರವರೆಗೆ ನಾನು ನಗರದಲ್ಲಿ ಬಿಷಪ್ಪರ ಕಚೇರೀಲಿದ್ದೆ.”

“ಏನ್ ಮಾಡ್ತಾ?”

ಅವನು ಪುಸ್ತಕ ಮುಚ್ಚಿದ. “ಭಾನುವಾರದ ಪ್ರಸಂಗದ ಕ್ಯಾಸೆಟ್ ಕೊಡ್ತಾ.”

ಫಾದರ್ ಸತ್ತದ್ದು ಸೋಮವಾರ ಮಧ್ಯಾಹ್ನ ಮೂರು ಮತ್ತು ಐದರ ನಡುವೆ ಎಂದು ಡಾಕ್ಟರು ಹೇಳಿದ್ದರು. ಚಾಡಿ ಹೇಳಲು ಹೋದದ್ದೇ ಕ್ಲೆಮ್‌ನನ್ನು ಉಳಿಸಿತು. ನನಗೆ ನಗಬೇಕೋ ಕಪಾಳಕ್ಕೆ ಬಿಡಬೇಕೋ ತಿಳಿಯಲಿಲ್ಲ.

*

ಮಾನ್ಸಿನ್ಯೋರ್ ಡೆಸ್ಮಂಡ್ ಫೀಹಿ ಹನ್ನೆರಡಕ್ಕೆ ಬಂದರು. ಬಿಷಪ್ಪರ ಬಲಗೈ. ಆ ಸೆಕೆಯಲ್ಲೂ ಕಾಲರಿನ ಗುಂಡಿ ಬಿಚ್ಚಿರಲಿಲ್ಲ. ಕಂಕುಳಲ್ಲಿ ಒಂದು ಫೈಲು.

“ಹೆಚ್ಚು ಹೊತ್ತು ತಗೊಳಲ್ಲ, ಸಾರ್ಜೆಂಟ್. ಅಂತ್ಯಕ್ರಿಯೆ ಈಸ್ಟರ್ ಕಳೆದ ಮಂಗಳವಾರ. ಆಜ್ಞೆಗೆ ಬಿಷಪ್ಪರು ಇವತ್ತು ಐದು ಗಂಟೆಗೆ ಸಹಿ ಹಾಕ್ತಾರೆ. ನಾಳೆಯಿಂದ ಪವಿತ್ರ ದಿನಗಳು, ಅವರಿಗೆ ಪುರುಸೊತ್ತಿರಲ್ಲ.”

“ಏನು ಆಜ್ಞೆ?”

ಅವರು ಫೈಲು ತೆರೆಯದೆಯೇ ಹೇಳಿದರು. “ಪೂಜಾವಸ್ತ್ರ ಇಲ್ಲ. ಮಾಮೂಲಿ ಕೋಟು. ಪಾದ್ರಿಗಳ ಸಾಲಿನಲ್ಲಿ ಗುಂಡಿ ಇಲ್ಲ. ಸಾಮಾನ್ಯರ ಜೊತೆ.”

ವೆರಾ ಬಾಗಿಲ ಬಳಿ “ಅಯ್ಯೋ ದೇವರೇ” ಎಂದು ಕೂತುಬಿಟ್ಟಳು. ಫಾದರ್‌ನ ಬಿಳಿ ಪೂಜಾವಸ್ತ್ರವನ್ನು ಆಕೆ ನಿನ್ನೆಯೇ ಒಗೆದು, ಇಸ್ತ್ರಿ ಮಾಡಿ, ಉಡುಪಿನ ಕೋಣೆಯಲ್ಲಿ ನೇತುಹಾಕಿದ್ದಳು.

“ನಲವತ್ತೇಳು ವರ್ಷ ಪಾದ್ರಿಯಾಗಿದ್ದವರು ಅವರು!” ಅಂದೆ.

“ಗೊತ್ತು. ನಾನು ಎರಡು ವರ್ಷ ಇಲ್ಲೇ ಅವರ ಕೈಕೆಳಗಿದ್ದೆ. ನನಗೆ ಕಾರ್ ಓಡಿಸೋಕೆ ಕಲಿಸಿದ್ದು ಅವರು.” ಫೀಹಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. “ಪ್ರತಿ ವರ್ಷ ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ ಚರ್ಚ್ ತುಂಬ ಜನ ನಿಲ್ಲಿಸಿ ಒಟ್ಟಿಗೇ ಪಾಪ ಕ್ಷಮಿಸ್ತಿದ್ರು. ಒಬ್ಬೊಬ್ಬರಾಗಿ ಬಂದು ಹೇಳ್ಕೋಬೇಕು ಅನ್ನೋ ನಿಯಮವನ್ನೇ ಒಪ್ಪಲಿಲ್ಲ. ರೋಮ್ ಬೇಡ ಅಂತು. ಬಿಷಪ್ಪರು ಮೂರು ಸಲ ಬೇಡ ಅಂದ್ರು. ಕೊನೆಗೆ ಪಾಪ ಕೇಳೋ ಅಧಿಕಾರಾನೇ ಕಿತ್ಕೊಂಡ್ವಿ. ಇನ್ನೊಂದು ಸಲ ಮೀರಿದರೆ ನಿನ್ನನ್ನ ನನ್ನ ಪಾದ್ರಿ ಅಂತ ಎಣಿಸಲ್ಲ ಅಂತ ಬಿಷಪ್ಪರು ಬರೆದ್ರು. ಆ ಕಾಗದ ಟೈಪ್ ಮಾಡಿದ್ದು ನಾನೇ.”

“ಆಮೇಲೆ ಅವರು ಮೀರಿದ್ರಾ?”

“ಅವರ ಹೆಣ ಎಲ್ಲಿ ಸಿಕ್ತು, ಸಾರ್ಜೆಂಟ್? ಹದಿನೈದು ವರ್ಷ ಆ ಗೂಡಿಗೆ ಕಾಲಿಡದ ಮನುಷ್ಯ, ಕೇಳಕೂಡದು ಅಂದ ಮೇಲೆ ಹೋಗಿ ಅಲ್ಲೇ ಕೂತ. ಹೆಗಲಪಟ್ಟಿ ಹಾಕ್ಕೊಂಡು. ಬಿಷಪ್ಪರ ಮುಖಕ್ಕೆ ಹೊಡೆದ ಹಾಗೆ.”

“ಅವರು ಹೋಗಿ ಕೂರಲಿಲ್ಲ. ಯಾರೋ ತಂದು ಕೂರಿಸಿದ್ರು.”

ಮೆಷಿನ್ ಕಥೆ ಹೇಳಿದೆ. ಫೀಹಿ ತಲೆಯಾಡಿಸಿದರು. “ಹೆಣ ಸಾಗಿಸಿರಬಹುದು. ಹೆಗಲಪಟ್ಟಿ? ಸಾಯೋ ಹೊತ್ತಿಗೆ ಅದು ಅವರ ಕತ್ತಲ್ಲಿತ್ತು. ಹಿಂಬದೀಲಿ ರಕ್ತ ಅಂಟಿದೆ ಅಂತ ನಿಮ್ಮ ವರದೀಲೇ ಇದೆ. ಎಲ್ಲೋ ಯಾರದೋ ಪಾಪ ಕೇಳ್ತಿದ್ರು. ಅಷ್ಟು ಸಾಕು.”

ನಾನು ಜೇಬಿನಿಂದ ಫೋಟೋ ತೆಗೆದು ಬೆಂಚಿನ ಮೇಲಿಟ್ಟೆ.

“ನೀವು ವರದಿ ಓದಿದೀರಿ. ಇದನ್ನ ನೋಡಿಲ್ಲ.”

ಫೋಟೋದಲ್ಲಿ ಫಾದರ್ ಮ್ಯಾಲ್ ಗಲ್ಲವನ್ನು ಎದೆಗೆ ಒತ್ತಿ ಕೂತಿದ್ದರು. ಕತ್ತಿನಿಂದ ಇಳಿದ ಪಟ್ಟಿ, ಜೇಬಿನಲ್ಲಿ ಮಡಿಸಿ ಇಟ್ಟುಕೊಳ್ಳುವಂಥದ್ದು. ಒಂದು ಮಗ್ಗುಲು ನೇರಳೆ, ಇನ್ನೊಂದು ಬಿಳಿ. ನಮ್ಮೂರಲ್ಲಿ ಹುಟ್ಟಿದ ಯಾರಿಗೆ ಬೇಕಾದರೂ ಗೊತ್ತು, ಪಾಪ ಕೇಳಲು ನೇರಳೆ ಮಗ್ಗುಲು ಮೇಲೆ ಬರಬೇಕು.

ಫೋಟೋದಲ್ಲಿ ಮೇಲಿದ್ದದ್ದು ಬಿಳಿ.

“ನನ್ನ ಅಜ್ಜ ಸಾಯೋವಾಗ ನಾನು ಪಕ್ಕದಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದೆ,” ಅಂದೆ. “ಮೊದಲು ಅಜ್ಜನ ಪಾಪ ಕೇಳಿದ್ರು. ಆಮೇಲೆ ಪಟ್ಟಿ ತಿರುವಿ ಬಿಳಿ ಮಾಡ್ಕೊಂಡು, ಹಣೆಗೆ ಎಣ್ಣೆ ಹಚ್ಚಿದ್ರು. ಡಾಕ್ಟರು ಇನ್ನೊಂದು ಬರೆದಿದಾರೆ, ನಾಲ್ಕನೇ ಪುಟದಲ್ಲಿ. ಬಲ ಹೆಬ್ಬೆರಳಲ್ಲಿ ಆಲಿವ್ ಎಣ್ಣೆ, ಒರೆಸಿಲ್ಲ. ಅವರ ಎಣ್ಣೆ ಡಬ್ಬಿ ಎಲ್ಲೂ ಸಿಕ್ಕಿಲ್ಲ.”

“ಬೆಳ್ಳೀದು, ಇಷ್ಟೇ ಇಷ್ಟು,” ವೆರಾ ಬಾಗಿಲಿಂದಲೇ ಬೆರಳು ತೋರಿಸಿದಳು. “ಹೊಗೆಸೊಪ್ಪಿನ ಜೇಬಲ್ಲೇ ಇಟ್ಕೋತಿದ್ರು. ಎಷ್ಟು ಬೈದಿದೀನಿ! ಆ ಎಣ್ಣೆ ಹಚ್ಚಿಸ್ಕೊಂಡೋರೆಲ್ಲ ಸ್ವರ್ಗಕ್ಕೆ ಪೈಪ್ ವಾಸನೆ ಹೊಡ್ಕೊಂಡೇ ಹೋಗಿರೋದು.”

ಫೀಹಿ ಫೋಟೋವನ್ನು ಎತ್ತಿಕೊಂಡರು. ಇಷ್ಟು ಹೊತ್ತು ಕಚೇರಿಯ ಮನುಷ್ಯನ ಹಾಗಿದ್ದವರು, ಫೋಟೋದಲ್ಲಿನ ಹೆಬ್ಬೆರಳನ್ನು ನೋಡುತ್ತಾ ನೋಡುತ್ತಾ ಬೆಂಚಿನ ತುದಿಗೆ ಕುಸಿದರು.

“ಸಾಯ್ತಿರೋರಿಗೆ ಯಾವ ಪಾದ್ರಿ ಬೇಕಾದ್ರೂ ಕ್ಷಮೆ ಕೊಡಬಹುದು,” ಎಂದರು ಮೆಲ್ಲಗೆ. “ಅಧಿಕಾರ ಕಿತ್ತುಕೊಂಡೋನೂ, ಉಡುಪು ಬಿಟ್ಟೋನೂ. ಕೊಡದೇ ಇದ್ರೇ ತಪ್ಪು.”

“ಹಾಗಾದ್ರೆ ಅವರು ಆಜ್ಞೆ ಮೀರಲಿಲ್ಲ.”

“ಸಾಯ್ತಿರೋರು ಯಾರಾದ್ರೂ ಇದ್ದಿದ್ರೆ. ಯಾರು ಅದು?”

“ಹುಡುಕ್ತೀನಿ.”

“ಹೆಸರು ಬೇಕು, ಸಾರ್ಜೆಂಟ್. ಬಿಳಿ ಮಗ್ಗುಲು ಇತ್ತು ಅಂತ ಹೇಳಿದ್ರೆ ಬಿಷಪ್ಪರು ಕೇಳಲ್ಲ. ಐದರೊಳಗೆ ಒಂದು ಹೆಸರು ಕೊಡಿ. ಸಹಿ ಬಿದ್ದ ಮೇಲೆ ನನ್ನ ಕೈಲಿ ಏನೂ ಇಲ್ಲ.”

ಎದ್ದು ಬಾಗಿಲವರೆಗೆ ಹೋದವರು ತಿರುಗಿದರು. ಗೂಡಿನ ಮೇಲೆ ಕೆಂಪು ದೀಪ ಮತ್ತೆ ಹತ್ತಿತ್ತು. ಅದನ್ನೇ ನೋಡುತ್ತಾ ಹೇಳಿದರು.

“ಇದೆಲ್ಲ ಶುರುವಾಗಿದ್ದು ಕ್ಲೆಮ್‌ನ ಕ್ಯಾಸೆಟ್‌ನಿಂದ ಅಂತ ಊರೆಲ್ಲ ತಿಳ್ಕೊಂಡಿದೆ. ಅಲ್ಲ. ಅವನ ಕಾಗದಗಳನ್ನ ರೋಮ್‌ನಲ್ಲಿ ಯಾರೂ ಬಿಡಿಸೂ ನೋಡ್ತಿರಲಿಲ್ಲ. ಈ ಊರಿಂದ ಒಬ್ಬ ಹೆಂಗಸು ಬರೆದ್ಲು. ಒಂದೇ ಒಂದು ಪ್ರಶ್ನೆ. ದೂರು ಅಲ್ಲ, ಪ್ರಶ್ನೆ. ಅವರು ಅದನ್ನ ದೂರು ಅಂತ ಓದಿದ್ರು.”

“ಯಾರು?”

“ಅದನ್ನ ನಾನು ಹೇಳೋ ಹಾಗಿಲ್ಲ.”

*

ವೆರಾ ಹತ್ತಿರ ರೋಗಿಗಳ ಪಟ್ಟಿ ಇತ್ತು. ಪ್ರತಿ ಶುಕ್ರವಾರ ಪ್ರಸಾದ ಮನೆಗೇ ಹೋಗುವವರ ಹೆಸರುಗಳು. ಐದು.

ಮೊದಲನೆಯವರು ವಾರದ ಹಿಂದೆಯೇ ಮಗಳ ಮನೆಗೆ ಹೋಗಿದ್ದರು. ಎರಡನೆಯ ಮುದುಕ ಮನೆಯ ಕೆಳಗೆ ಕೂತು ಬಿಯರ್ ಕುಡಿಯುತ್ತಿದ್ದ, “ನಾನು ಸಾಯೋದಾ? ನಿನ್ನ ಪಿಂಚಣಿ ನೋಡ್ಕೊಂಡೇ ಹೋಗೋದು” ಎಂದ. ಮೂರನೆಯವಳು, ನಾಲ್ಕನೆಯವನು ಇಬ್ಬರೂ ಸೋಮವಾರ ಫಾದರ್‌ನ ಮುಖ ನೋಡಿರಲಿಲ್ಲ. ಆಸ್ಪತ್ರೆಯ ನರ್ಸಮ್ಮ, “ಇಲ್ಲಿಗೆ ಬಂದಿದ್ರೆ ಪೈಪ್ ಆರಿಸಿ ಅಂತ ಜಗಳ ಆಗಿರ್ತಿತ್ತು, ನೆನಪಿರ್ತಿತ್ತು” ಎಂದಳು.

ಐದನೆಯ ಹೆಸರು ಜೂಜಾ ಶಿಕ್ಲೂನ. ನನ್ನ ಅಮ್ಮ. ಅಲ್ಲಿ ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಅಪ್ಪ ಸತ್ತ ಮೇಲೆ ಅಮ್ಮ ಫಾದರ್ ಮ್ಯಾಲ್ ಜೊತೆ ಮಾತು ಬಿಟ್ಟಿದ್ದಳು. ಶುಕ್ರವಾರ ಪ್ರಸಾದ ತಂದರೆ ಬಾಯಿ ತೆರೆಯುತ್ತಿದ್ದಳು, ಕಣ್ಣು ತೆರೆಯುತ್ತಿರಲಿಲ್ಲ. ಅಲ್ಲದೆ ಅವರು ಸತ್ತ ಸುದ್ದಿಯನ್ನೇ ನಾವು ಅವಳಿಗೆ ಹೇಳಿರಲಿಲ್ಲ. ಅವಳ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು.

ನಾಲ್ಕು ಗಂಟೆಗೆ ಅವಳ ಮಾತ್ರೆಯ ಹೊತ್ತು. ಸೋತ ಮುಖ ಹೊತ್ತುಕೊಂಡು ಮನೆಗೆ ಹೋದೆ.

ಮುಂದಿನ ಮೆಟ್ಟಿಲ ಹಸಿರು ಬಣ್ಣ ಇನ್ನೂ ಅಂಟಂಟು. ನಮ್ಮ ಕಡೆಯ ಎಲ್ಲ ಮನೆಗಳ ಹಾಗೆ ನಮ್ಮದೂ ಆಳೆತ್ತರದ ಮರದ ಕಂಬಗಳ ಮೇಲೆ ನಿಂತ ಮನೆ, ಹದಿನಾಲ್ಕು ಮೆಟ್ಟಿಲು. ಹಿಂದಿನಿಂದ ಹತ್ತಿದೆ. ಮನೆಯಡಿಯಲ್ಲಿ ಸಲ್ವು ಟ್ರಾಕ್ಟರಿನ ಏನನ್ನೋ ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತಲಿಲ್ಲ.

ಅಮ್ಮನ ಕೋಣೆಗೆ ಕಾಲಿಟ್ಟ ಕೂಡಲೇ ಹೊಗೆಸೊಪ್ಪಿನ ವಾಸನೆ ಬಂತು.

ಅವಳು ಮಲಗಿದ್ದಳು. ಎರಡೂ ಕೈ ಹೊದಿಕೆಯ ಮೇಲೆ, ಅಂಗೈ ಮೇಲು ಮಾಡಿ. ಸೋಮವಾರದಿಂದ ಹೀಗೇ ಮಲಗುತ್ತಿದ್ದಾಳೆ. ಊಟ ಮಾಡಿಸಿದರೆ ಬಾಯಿ ತೆರೆಯುತ್ತಾಳೆ, ಕೈ ಮಡಿಸುವುದಿಲ್ಲ. ನಿಶ್ಶಕ್ತಿ ಅಂದುಕೊಂಡಿದ್ದೆ.

ಮಾತ್ರೆ ಕೊಡಲು ತಲೆ ಎತ್ತಿದೆ. ದಿಂಬಿನ ಮೇಲೆ, ಅವಳು ಮಗ್ಗುಲಾದಾಗ ಹಣೆ ತಾಗುವ ಕಡೆ, ಒಂದು ಎಣ್ಣೆಯ ಕಲೆ ಇತ್ತು. ಬಗ್ಗಿ ಮೂಸಿದೆ.

ನಾನು ಫಾದರ್ ಮ್ಯಾಲ್ ಹೆಣ ಮುಟ್ಟಿದ್ದು ಮಂಗಳವಾರ ಬೆಳಿಗ್ಗೆ. ಸೋಮವಾರ ನಗರದ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಸಂಜೆ ಏಳಕ್ಕೆ ಮನೆಗೆ ಬಂದಾಗಲೇ ಈ ವಾಸನೆ ಇತ್ತು. ಅಮ್ಮನ ದಿಂಬಿನ ಪಕ್ಕ ತಲೆಯಿಟ್ಟು ಮಲಗಿದ್ದೆ. ಎರಡು ದಿನದಿಂದ ನನ್ನ ಬೆನ್ನು ಹತ್ತಿದ್ದದ್ದು ದೆವ್ವವೂ ಅಲ್ಲ, ದುಃಖವೂ ಅಲ್ಲ. ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದವಳು, ಮೂಗಿನ ಕೆಳಗಿದ್ದದ್ದನ್ನು ಕಾಣಲಿಲ್ಲ.

“ಅಮ್ಮಾ,” ಅಂದೆ. “ಸೋಮವಾರ ಫಾದರ್ ಬಂದಿದ್ರಾ?”

ಅವಳು ಕಣ್ಣು ಬಿಟ್ಟಳು. “ಬಂದ್ರು. ಮತ್ತೆ ಯಾವಾಗ ಬರ್ತಾರಂತೆ?”

ಮಾತ್ರೆ ಕೆಳಗಿಟ್ಟು ಅವಳ ಪಕ್ಕ ಕೂತೆ.

“ಉಸಿರು ನಿಂತೇಹೋಯ್ತು ಕಾರ್ಮೆನಾ. ನೀನಿರಲಿಲ್ಲ. ಸಲ್ವು, ಫಾದರ್‌ನ ಕರ್ಕೊಂಡ್ ಬಾರೋ ಅಂದೆ. ಗೊಣಗ್ತಾ ಗೊಣಗ್ತಾ ಹೋಗಿ ಕರ್ಕೊಂಡ್ ಬಂದ. ನೀನು ಕೆಳಗಿರು ಅಂತ ಅವನನ್ನ ಕಳಿಸಿ ಫಾದರ್‌ಗೆ ಹೇಳ್ಕೊಂಡೆ. ನಾನೇ ಬರೆದದ್ದು ಅಂತ.”

“ಏನು ಬರೆದದ್ದು?”

“ರೋಮ್‌ಗೆ ಕಾಗದ.”

ಹೊರಗೆ ಮಳೆ ಶುರುವಾಯಿತು. ತಗಡಿನ ಮಾಡಿನ ಸದ್ದಿಗೆ ಅವಳು ದನಿ ಏರಿಸಿದಳು.

“ನಿಮ್ಮಪ್ಪ ನಲವತ್ತು ವರ್ಷ ಆ ಗೂಡಿನ ಹತ್ರ ಹೋಗಿರಲಿಲ್ಲ. ಏನೋ ಇತ್ತು ಅವನ ಮನಸ್ಸಲ್ಲಿ, ಒಬ್ಬನೇ ಹೋಗಿ ಹೇಳೋ ಧೈರ್ಯ ಇರಲಿಲ್ಲ. ಅವತ್ತು ಎಲ್ಲರ ಜೊತೆ ನಿಂತ. ಫಾದರ್ ಎಲ್ಲರನ್ನೂ ಕ್ಷಮಿಸಿದೀನಿ ಅಂದಾಗ ಮಗು ಥರ ಅತ್ತ. ಹನ್ನೊಂದು ದಿನಕ್ಕೆ ಟ್ರಾಕ್ಟರ್ ಮಗುಚ್ಕೊಳ್ತು. ಆಮೇಲೆ ರೇಡಿಯೋದಲ್ಲಿ ಬಂತು, ಆ ಥರದ ಕ್ಷಮೆ ನಡೆಯಲ್ಲ ಅಂತ. ನಡೆಯಲ್ಲ ಅಂದ್ರೆ ನಿಮ್ಮಪ್ಪ ಎಲ್ಲಿದಾನೆ? ಅಷ್ಟೇ ಕೇಳಿದ್ದು ಕಣೇ ನಾನು. ಅವರು ನನಗೆ ಉತ್ತರಾನೇ ಕೊಡಲಿಲ್ಲ. ಫಾದರ್‌ನ ಅಧಿಕಾರ ಕಿತ್ಕೊಂಡ್ರು.”

“ಫಾದರ್ ಏನಂದ್ರು?”

“ನಕ್ಕರು. ಒಳ್ಳೇ ಪ್ರಶ್ನೆ ಕೇಳಿದೀಯ ಜೂಜಾ ಅಂದ್ರು. ನನ್ನನ್ನ ಕ್ಷಮಿಸಿದ್ರು. ಹಣೆಗೆ ಎಣ್ಣೆ ಹಚ್ಚಿದ್ರು. ಕೈಗೆ ಹಚ್ಚಬೇಕು, ಅಷ್ಟೊತ್ತಿಗೆ ಕೆಳಗಿಂದ ಸಲ್ವು ಕೂಗಿದ. ಈ ನೆಲದ ಹಲಗೆ ಸಂದಿ ಗೊತ್ತಲ್ಲ ನಿನಗೆ, ಎಲ್ಲ ಕೇಳುತ್ತೆ. ಅಪ್ಪ ಎಲ್ಲಿದಾನೆ, ಅದನ್ನ ನನ್ನ ಮುಂದೆ ಬಂದು ಹೇಳೋ ಮುದುಕ, ಅಂತ ಕೂಗಿದ. ಒಂದು ನಿಮಿಷ ಜೂಜಾ, ಅವನನ್ನ ಸಮಾಧಾನ ಮಾಡಿ ಬರ್ತೀನಿ ಅಂದ್ರು ಫಾದರ್. ಅಷ್ಟರಲ್ಲಿ ನನಗೆ ಮಂಪರು ಹತ್ತಿತು.” ಅಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. “ಇನ್ನೂ ಬಂದಿಲ್ಲ. ಅದಕ್ಕೇ ಮಡಿಸಿಲ್ಲ ನಾನು.”

ನನಗೆ ಅಳು ತಡೆಯಲಾಗಲಿಲ್ಲ. ಅವಳ ಹೊದಿಕೆಯಲ್ಲಿ ಮುಖ ಒತ್ತಿ ಅತ್ತೆ. ಅವಳು ಆಗಲೂ ಕೈ ಎತ್ತಿ ನನ್ನ ತಲೆ ಸವರಲಿಲ್ಲ.

ಗಡಿಯಾರದಲ್ಲಿ ನಾಲ್ಕೂ ನಲವತ್ತು. ಹೆಸರು ಹೇಳಿದರೆ ಫಾದರ್ ಮ್ಯಾಲ್ ತಮ್ಮ ಬಿಳಿ ಉಡುಪಿನಲ್ಲಿ, ತಮ್ಮವರ ಸಾಲಿನಲ್ಲಿ ಮಲಗುತ್ತಾರೆ. ಹೆಸರು ಹೇಳಿದರೆ, ಅವರು ಕೊನೆಯದಾಗಿ ಹತ್ತಿದ ಮೆಟ್ಟಿಲು ಯಾರ ಮನೆಯದು ಎಂದು ಎಲ್ಲರಿಗೂ ತಿಳಿಯುತ್ತದೆ. ಹೇಳದಿದ್ದರೆ ತಮ್ಮ ಉಳಿಯುತ್ತಾನೆ. ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು.

ಹಜಾರಕ್ಕೆ ಹೋಗಿ ಫೋನ್ ಎತ್ತಿದೆ. ಎರಡು ಸಲ ತಪ್ಪು ನಂಬರ್ ತಿರುಗಿಸಿದೆ.

“ಫೀಹಿ ಮಾತಾಡ್ತಿರೋದು.”

“ಜೂಜಾ ಶಿಕ್ಲೂನ,” ಅಂದೆ. “ನನ್ನ ತಾಯಿ.”

ಆ ಕಡೆ ಅವರು ಆ ಹೆಸರನ್ನು ಮೆಲ್ಲಗೆ ಮತ್ತೆ ಹೇಳಿಕೊಂಡರು. ಅದು ಅವರಿಗೆ ಹೊಸದಲ್ಲ, ಆ ಕಾಗದದ ಅಡಿಯಲ್ಲಿ ಓದಿದ್ದು ಎಂದು ಅಂದ ರೀತಿಯಲ್ಲೇ ತಿಳಿಯಿತು.

“ಬಿಳಿ ವಸ್ತ್ರಾನೇ ಉಡಿಸ್ತೀವಿ,” ಎಂದರು. “ನಿಮ್ಮ ತಾಯಿ ಹೇಗಿದಾರೆ?”

“ಕೈಗೆ ಎಣ್ಣೆ ಹಚ್ಚೋದು ಬಾಕಿ ಇದೆ. ಕಾಯ್ತಿದಾಳೆ.”

“ನಾನು ಬರ್ತೀನಿ. ಈಗಲೇ ಹೊರಡ್ತೀನಿ.” ಆಮೇಲೆ ಕೇಳಿದರು, “ಸಾರ್ಜೆಂಟ್, ಅಲ್ಲಿಂದ ಅವರನ್ನ ಚರ್ಚಿಗೆ ತಂದೋರು ಯಾರು?”

ಫೋನ್ ಇಟ್ಟೆ.

ಮುಂಬಾಗಿಲು ತೆರೆದು, ಕೈಗಂಬಿ ಹಿಡಿದು, ಹಸಿ ಬಣ್ಣದ ಅಂಚಿನಲ್ಲಿ ಕಾಲಿಡುತ್ತಾ ಹದಿಮೂರು ಮೆಟ್ಟಿಲು ಇಳಿದೆ. ಬೆನ್ನ ಮೇಲೆ ಮಳೆ. ಕೊನೆಯ ಮೆಟ್ಟಿಲಿಗೆ ಉಳಿದವಕ್ಕಿಂತ ದಪ್ಪಗೆ ಬಣ್ಣ ಕೂತಿತ್ತು, ಎರಡು ಸಲ ಬಳಿದ ಹಾಗೆ. ಮಂಡಿಯೂರಿ ಠಾಣೆಯ ಬೀಗದ ಕೈಯಿಂದ ಅದರ ಅಂಚನ್ನು ಕೆರೆದೆ. ಹಸಿರು ಸುರುಳಿ ಸುರುಳಿಯಾಗಿ ಎದ್ದು ಬಂತು. ಅದರ ಕೆಳಗೆ ಮರ ಕಂದು ಬಣ್ಣಕ್ಕೆ ತಿರುಗಿತ್ತು, ಬಿರುಕಿನಲ್ಲಿ ಎರಡು ಬಿಳಿ ಕೂದಲು ಸಿಕ್ಕಿಕೊಂಡಿದ್ದವು. ಫಾದರ್‌ನ ಹಿಂದಲೆ ಬಡಿದದ್ದು ಇಲ್ಲಿಗೇ.

“ಕೆರೀಬೇಡ ಅಕ್ಕಾ,” ಎಂದ ಸಲ್ವು ಹಿಂದಿನಿಂದ. “ಅದಿನ್ನೂ ಒಣಗಿಲ್ಲ.”

ತಿರುಗಿದೆ. ಮನೆಯಡಿಯ ಮಬ್ಬಿನಿಂದ ಹೊರಗೆ ಬಂದು ಮಳೆಯಲ್ಲಿ ನಿಂತಿದ್ದ. ನಲವತ್ತು ಕೇಜಿ ಗೊಬ್ಬರದ ಮೂಟೆಯನ್ನು ಒಂದೇ ಹೆಗಲಲ್ಲಿ ಹೊರುವ ನನ್ನ ತಮ್ಮನ ತುಟಿ ಅದುರುತ್ತಿತ್ತು. ಹೊಗೆಸೊಪ್ಪಿನ ವಾಸನೆ ಮಳೆಯಲ್ಲೂ ನನ್ನ ಮೂಗಿಗೆ ಬಡಿಯಿತು. ಅವನು ಮುಷ್ಟಿ ಬಿಚ್ಚಿದ. ಒಳಗೆ ಫಾದರ್ ಮ್ಯಾಲ್‌ರ ಬೆಳ್ಳಿಯ ಡಬ್ಬಿ ಇತ್ತು.

“ಅಮ್ಮ ಹೇಳಿದ್ದೆಲ್ಲ ಕೇಳಿಸ್ತು. ಇನ್ನೂ ಸ್ವಲ್ಪ ಎಣ್ಣೆ ಇದೆ ಅಕ್ಕಾ,” ಎಂದ. “ನಿನ್ನ ಜೊತೆ ಠಾಣೆಗೆ ಬರೋಕ್ ಮುಂಚೆ, ಅವಳ ಕೈಗೆ ನಾನೇ ಹಚ್ಚಲಾ?”